ವೇದಿಕೆಯ ಮೇಲಿರುವವರಿಗೆ 'ಇದು ತಪ್ಪು' ಎನ್ನುವವರು ಯಾರು? ಕರ್ನಾಟಕದ ಸಭಾನಾಯಕರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಎಲ್ಲ ಕ್ರೈಸ್ತ ಸಭೆಗಳ ಬಿಷಪ್ಪರಿಗೆ, ಸಭಾಪಾಲಕರಿಗೆ, ಸುವಾರ್ತಿಕರಿಗೆ ಹಾಗೂ ಸಭಾ ಹಿರಿಯರಿಗೆ,

ಯೇಸು ಸ್ವಾಮಿಯ ನಾಮದಲ್ಲಿ ವಂದನೆಗಳು.

ಈ ಪತ್ರ ಬರೆಯುತ್ತಿರುವವನು ಹೊರಗಿನವನಲ್ಲ. ಬಾಸೆಲ್ ಮಿಷನ್ನಿನವರ ಕಾಲದಲ್ಲಿ ಕ್ರೈಸ್ತರಾದ ಮನೆತನದಲ್ಲಿ ಹುಟ್ಟಿ, ಸಂಡೇ ಸ್ಕೂಲಿನಲ್ಲಿ ವಚನ ಬಾಯಿಪಾಠ ಒಪ್ಪಿಸಿ ಬೆಳೆದವನು. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ನಮ್ಮ ಸಭೆಯ ಖಜಾಂಚಿಯ ಹೊಣೆ ಹೊತ್ತವನು. ಸಭಾಪಾಲಕರು ಬಂದರೆ ಎದ್ದು ನಿಲ್ಲುವುದನ್ನು ನಮ್ಮ ತಾಯಿ ಕಲಿಸಿದ್ದರು. ಈಗಲೂ ಎದ್ದು ನಿಲ್ಲುತ್ತೇನೆ. ಆ ಗೌರವ ಮನಸ್ಸಿನಲ್ಲಿರುವುದರಿಂದಲೇ ಈ ಮಾತುಗಳನ್ನು ಬರೆಯುವುದು ಸುಲಭವಾಗಿಲ್ಲ, ಬರೆಯದೆ ಇರುವುದೂ ಆಗುತ್ತಿಲ್ಲ.

ಹೇಳಬೇಕಾಗಿರುವುದು ಒಂದೇ ಸಂಗತಿ. ಹೆಸರು ಮತ್ತು ಹಣ ಒಬ್ಬ ದೇವಸೇವಕರ ಬಳಿ ಬಂದು ಕುಳಿತಾಗ ಮೊದಲು ಎದ್ದು ಹೋಗುವವನು ಅವರ ಮುಖ ನೋಡಿ 'ಅಯ್ಯನವರೇ, ಇದು ತಪ್ಪು' ಎಂದು ಹೇಳಬಲ್ಲ ಮನುಷ್ಯ. ಅವನು ಹೋದ ಮೇಲೆ ಏಕಾಂತದ ಪ್ರಾರ್ಥನೆ ಹೋಗುತ್ತದೆ, ಪಾಪದ ಭಯ ಹೋಗುತ್ತದೆ, ಕೊನೆಗೆ ಮಾನವೂ ಹೋಗುತ್ತದೆ. ಮಾನ ಹೋದಾಗ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಒಳಗಿನ ನಾಶ ಅದಕ್ಕೆ ಎಷ್ಟೋ ವರ್ಷ ಮೊದಲೇ ಶುರುವಾಗಿರುತ್ತದೆ. ನಿಮ್ಮಲ್ಲಿ ಬಹಳ ಜನ ಒಳ್ಳೆಯ ಆರಂಭ ಮಾಡಿದವರು. ಸೈಕಲ್ಲಿನಲ್ಲಿ ಹಳ್ಳಿ ಸುತ್ತಿದವರು, ಉಪವಾಸವಿದ್ದು ಪ್ರಾರ್ಥಿಸಿದವರು, ಬಯಲಿನಲ್ಲಿ ಕಲ್ಲೇಟು ತಿಂದವರು. ಅಂಥವರೇ ನಾಶವಾಗುವುದನ್ನು ನೋಡುವ ಶಕ್ತಿ ನನಗಿಲ್ಲ.

ಹೊರದೇಶದ ಒಂದು ಸಭೆಯ ವಿಷಯದಿಂದ ಆರಂಭಿಸುತ್ತೇನೆ. 1958ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಬಡ ಬಸ್ತಿಯೊಂದರಲ್ಲಿ ಡೇವಿಡ್ ಯೋಂಗಿ ಚೋ ಎಂಬ ಯುವ ಪಾಸ್ಟರ್ ಒಂದು ಹಳೆಯ ಗುಡಾರ ಹಾಕಿ ಆರಾಧನೆ ನಡೆಸಿದರು. ಕೊರಿಯಾ ಯುದ್ಧ ಮುಗಿದು ಐದು ವರ್ಷವಾಗಿತ್ತು, ಊರಿನ ತುಂಬ ಹಸಿವು ಮತ್ತು ಕಾಯಿಲೆ. ಚೋ ಅವರೇ ಕ್ಷಯ ತಗಲಿ ಸಾವಿನ ಬಾಗಿಲು ನೋಡಿ ಬಂದವರು. ಆರಂಭದಲ್ಲಿ ಬೆರಳೆಣಿಕೆಯ ಜನರಿದ್ದ ಆ ಸಭೆ ಕೆಲವೇ ದಶಕಗಳಲ್ಲಿ ಜಗತ್ತಿನ ಅತಿ ದೊಡ್ಡ ಸಭೆಯಾಯಿತು. ಸದಸ್ಯರ ಸಂಖ್ಯೆ 7 ಲಕ್ಷ ಮುಟ್ಟಿತು. ಇಂದು ನಮ್ಮ ಬಡಾವಣೆಗಳಲ್ಲಿ ವಾರದ ಮಧ್ಯೆ ನಡೆಯುವ ಮನೆಕೂಟಗಳ ಕ್ರಮವನ್ನು ಜಗತ್ತಿನ ಅನೇಕ ಸಭೆಗಳು ಕಲಿತದ್ದು ಅವರಿಂದ. ಅದೇ ಚೋ ಅವರನ್ನು 2014ರಲ್ಲಿ ಸೋಲ್‌ನ ನ್ಯಾಯಾಲಯ ತಪ್ಪಿತಸ್ಥರೆಂದು ಘೋಷಿಸಿತು. ಹಿರಿಯ ಮಗನ ಬಳಿಯಿದ್ದ ಷೇರುಗಳನ್ನು ಮಾರುಕಟ್ಟೆಗಿಂತ ಬಹಳ ಹೆಚ್ಚಿನ ಬೆಲೆಗೆ ಸಭೆಯ ಹಣದಿಂದ ಕೊಳ್ಳಿಸಿದ್ದರು. ಸಭೆಗಾದ ನಷ್ಟ ಸುಮಾರು 1,300 ಕೋಟಿ ವೊನ್, ಅಂದರೆ ಸುಮಾರು 1.2 ಕೋಟಿ ಡಾಲರ್. ತಂದೆಯ ಜೈಲುಶಿಕ್ಷೆಯನ್ನು ನ್ಯಾಯಾಲಯ ಅಮಾನತಿನಲ್ಲಿಟ್ಟಿತು. ಮಗ ಜೈಲಿಗೆ ಹೋದರು.

ಈ ಪ್ರಕರಣದಲ್ಲಿ ದೂರು ಕೊಟ್ಟವರು ಯಾರೆಂಬುದನ್ನು ಗಮನಿಸಿರಿ. ಸಭೆಯ ಶತ್ರುಗಳಲ್ಲ, ಸರ್ಕಾರವೂ ಅಲ್ಲ, ಅವರದೇ ಸಭೆಯ ಹಿರಿಯರು. ಜೀವಮಾನವಿಡೀ ಅವರ ಪ್ರಸಂಗ ಕೇಳಿ ಬೆಳೆದ ಹಿರಿಯರಿಗೆ ತಮ್ಮ ಪಾಸ್ಟರರ ಮೇಲೆ ಸರ್ಕಾರಿ ವಕೀಲರ ಬಳಿಗೆ ಹೋಗಬೇಕಾಯಿತು ಎಂದರೆ, ಸಭೆಯ ಒಳಗೆ ಅವರನ್ನು ತಡೆದು ಕೇಳುವ ಬಾಗಿಲುಗಳೆಲ್ಲ ಅದಾಗಲೇ ಮುಚ್ಚಿದ್ದವು ಎಂದೇ ಅರ್ಥ. ಗುಡಾರದಲ್ಲಿ ಪ್ರಸಂಗ ಮಾಡುವ ಪಾಸ್ಟರನ್ನು ಪಕ್ಕದ ಮನೆಯ ಅಜ್ಜಿಯೂ ನಿಲ್ಲಿಸಿ ಪ್ರಶ್ನಿಸಬಹುದು. ಲಕ್ಷ ಜನರ ಸಭೆಯ ಪಾಸ್ಟರನ್ನು ಕಾಣಲು ಆಪ್ತ ಕಾರ್ಯದರ್ಶಿಯ ಅನುಮತಿ ಬೇಕು. ಚೋ ಅವರ ನಂಬಿಕೆ ಸುಳ್ಳೆಂದು ನಾನು ಹೇಳುವುದಿಲ್ಲ, ತೀರ್ಪು ದೇವರದು. ಗುಡಾರದಲ್ಲಿದ್ದ ಒಂದು ರಕ್ಷಣೆ ಆ ದೊಡ್ಡ ಕಟ್ಟಡದಲ್ಲಿ ಇರಲಿಲ್ಲ ಎಂಬುದು ಮಾತ್ರ ನನ್ನ ಕಣ್ಣಿಗೆ ಸ್ಪಷ್ಟ.

ಇನ್ನೊಂದು ಹೆಸರು ನಮಗೆ ಹತ್ತಿರದ್ದು. ರವಿ ಝಕರಾಯಸ್ 1946ರಲ್ಲಿ ಮದ್ರಾಸಿನಲ್ಲಿ ಹುಟ್ಟಿ ದೆಹಲಿಯಲ್ಲಿ ಬೆಳೆದವರು. ಕ್ರೈಸ್ತ ನಂಬಿಕೆಯನ್ನು ವಿದ್ವಾಂಸರ ಮುಂದೆ ವಾದಿಸಿ ನಿಲ್ಲಿಸಿದವರೆಂದು ಜಗತ್ತಿನಾದ್ಯಂತ ಹೆಸರು ಮಾಡಿದರು. ನಮ್ಮ ವಿದ್ಯಾವಂತ ಯುವಕರು ಅವರ ಭಾಷಣಗಳನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಕೇಳುತ್ತಿದ್ದರು. 2020ರ ಮೇ ತಿಂಗಳಲ್ಲಿ ತೀರಿಕೊಂಡಾಗ ಅಮೆರಿಕದ ಉಪರಾಷ್ಟ್ರಾಧ್ಯಕ್ಷರೇ ಶ್ರದ್ಧಾಂಜಲಿ ಸಭೆಗೆ ಬಂದಿದ್ದರು. ಒಂದು ವರ್ಷ ತುಂಬುವುದರೊಳಗೆ, 2021ರ ಫೆಬ್ರವರಿಯಲ್ಲಿ, ಅವರ ಸಂಸ್ಥೆಯೇ ನೇಮಿಸಿದ ವಕೀಲರ ತನಿಖಾ ವರದಿ ಹೊರಬಂತು. ಮಸಾಜ್ ಕೇಂದ್ರಗಳಲ್ಲಿ ಕೆಲಸ ಮಾಡುತ್ತಿದ್ದ ಹಲವು ಹೆಣ್ಣುಮಕ್ಕಳ ಮೇಲೆ ವರ್ಷಗಟ್ಟಲೆ ಅವರು ಲೈಂಗಿಕ ದುರ್ವರ್ತನೆ ನಡೆಸಿದ್ದು, ದೀನರ ನೆರವಿಗೆಂದು ಇಟ್ಟಿದ್ದ ನಿಧಿಯಿಂದ ಅಂಥವರಲ್ಲಿ ಕೆಲವರಿಗೆ ಹಣ ಹೋದದ್ದು ಅದರಲ್ಲಿತ್ತು. ಅವರು ಬದುಕಿದ್ದಾಗಲೇ, 2017ರಲ್ಲಿ, ಒಬ್ಬ ಮಹಿಳೆ ಅವರ ಮೇಲೆ ಆರೋಪ ಹೊರಿಸಿದ್ದರು. ಆಗ ಸಂಸ್ಥೆ ನಂಬಿದ್ದು ಝಕರಾಯಸ್ ಅವರ ಮಾತನ್ನೇ.

ಆ ವರದಿಯ ಒಂದು ಸಾಲನ್ನು ಓದಿದ ಮೇಲೆ ನನಗೆ ಬಹಳ ದಿನ ಪ್ರಸಂಗ ಕೇಳಲು ಮನಸ್ಸಾಗಲಿಲ್ಲ. ತನ್ನ ಮೇಲೆ ಅತ್ಯಾಚಾರವಾಯಿತೆಂದು ಹೇಳಿದ ಒಬ್ಬ ಹೆಣ್ಣುಮಗಳಿಗೆ ಅವರು ಎಚ್ಚರಿಕೆ ಕೊಟ್ಟಿದ್ದರಂತೆ: ನೀನು ಬಾಯಿಬಿಟ್ಟು ನನ್ನ ಹೆಸರು ಕೆಟ್ಟರೆ, ಅದರಿಂದ ರಕ್ಷಣೆ ಕಳೆದುಕೊಳ್ಳುವ ಲಕ್ಷಾಂತರ ಆತ್ಮಗಳಿಗೆ ನೀನೇ ಹೊಣೆ. ಆಕೆಯೂ ವಿಶ್ವಾಸಿ. ಆಕೆಯ ವಿಶ್ವಾಸವನ್ನೇ ಹಿಡಿದು ಆಕೆಯ ಬಾಯಿ ಮುಚ್ಚಿಸಲಾಯಿತು. ದಯವಿಟ್ಟು ಇಲ್ಲಿ ನಿಂತು ಯೋಚಿಸಿರಿ. ಸುವಾರ್ತೆಗೆಂದು ಗಳಿಸಿದ ಹೆಸರು ಪಾಪಕ್ಕೆ ಕಾವಲು ಕುಳಿತದ್ದು ಹೀಗೆ. 'ನಾನು ಬಿದ್ದರೆ ದೇವರ ಕೆಲಸ ಬೀಳುತ್ತದೆ' ಎಂಬ ಭಾವನೆ ನಿಮ್ಮ ಮನಸ್ಸಿನಲ್ಲಿ ಒಮ್ಮೆಯಾದರೂ ಸುಳಿದಿದ್ದರೆ, ಅದು ಕರ್ತನ ಮೇಲಿನ ಪ್ರೀತಿಯೆಂದು ನಂಬಬೇಡಿರಿ. ದೇವರ ಕೆಲಸ ನಿಮಗಿಂತ ಮುಂಚೆಯೂ ಇತ್ತು.

ಹೆಸರಿನಿಂದ ಬರುವ ಮೋಸಗಳಲ್ಲಿ ಅತಿ ದೊಡ್ಡದು ಯಾವುದೆಂದು ಕೇಳಿದರೆ ನಾನು ಹೇಳುವುದು ಇದು: ಮನುಷ್ಯ ಕೆಟ್ಟ ಮೇಲೂ ದೇವರು ಕೊಟ್ಟ ವರ ಕೆಲಸ ಮಾಡುತ್ತಲೇ ಇರುತ್ತದೆ. ಪ್ರಸಂಗ ಕೇಳಿದವರು ಇಂದೂ ಅಳುತ್ತಾರೆ. ಪ್ರಾರ್ಥನೆಗೆ ತಲೆಬಾಗಿದವರು ಎದ್ದು ಸಾಕ್ಷಿ ಹೇಳುತ್ತಾರೆ. ಸಭಾಂಗಣ ತುಂಬುತ್ತದೆ. ಆಗ ವೇದಿಕೆಯ ಮೇಲಿರುವವರು ತಮ್ಮೊಳಗೆ ಲೆಕ್ಕ ಹಾಕುತ್ತಾರೆ: ದೇವರಿಗೆ ನನ್ನ ಮೇಲೆ ಕೋಪವಿದ್ದರೆ ಇದೆಲ್ಲ ಆಗುತ್ತಿತ್ತೇ? ಮುಖಕ್ಕೆ ಹೇಳುವವರು ಯಾರೂ ಉಳಿಯದಿರುವಾಗ ಉಳಿಯುವ ಸಾಕ್ಷಿ ಜನಸಂದಣಿ ಒಂದೇ, ಅದು ಯಾವಾಗಲೂ ನಿಮ್ಮ ಪರವಾಗಿಯೇ ಹೇಳುತ್ತದೆ. ಕೂದಲು ಹೋದಾಗ ಬಲ ಕಳೆದುಕೊಂಡ ವೀರ ಸಂಸೋನನ ಕಥೆಯಲ್ಲಿ ಕೂದಲು ಕತ್ತರಿಸಿದ್ದಕ್ಕಿಂತ, ಕಣ್ಣು ಕಿತ್ತದ್ದಕ್ಕಿಂತ ಭಯಂಕರವಾದ ವಾಕ್ಯ ನ್ಯಾಯಸ್ಥಾಪಕರು 16:20ರಲ್ಲಿದೆ. ಮೊದಲಿನಂತೆಯೇ ಎದ್ದು ಮೈಕೊಡವಿಕೊಂಡು ಬರುತ್ತೇನೆಂದುಕೊಂಡನು. ಯೆಹೋವನು ತನ್ನನ್ನು ಬಿಟ್ಟುಹೋದದ್ದು ಅವನಿಗೆ ತಿಳಿದಿರಲಿಲ್ಲ. ಸೋತದ್ದಲ್ಲ, ಸೋತದ್ದು ತಿಳಿಯದೆ ಇದ್ದದ್ದು. ನಿನ್ನ ಹೆಸರಿನಲ್ಲಿ ಪ್ರವಾದಿಸಿದೆವಲ್ಲ, ದೆವ್ವ ಬಿಡಿಸಿದೆವಲ್ಲ ಎಂದು ತೀರ್ಪಿನ ದಿನ ಹೇಳಿಕೊಳ್ಳುವ ಅನೇಕರಿಗೆ ಯೇಸು ಸ್ವಾಮಿ ಕೊಡುವ ಉತ್ತರ ಮತ್ತಾಯ ಏಳನೆಯ ಅಧ್ಯಾಯದಲ್ಲಿದೆ: ನಾನು ನಿಮ್ಮನ್ನು ಎಂದೂ ಅರಿತಿರಲಿಲ್ಲ. ಅದನ್ನು ನಮಗೆ ಎಷ್ಟೋ ಸಲ ಓದಿ ಹೇಳಿದ್ದೀರಿ. ಆ ಮಾತು ಮುಖ್ಯವಾಗಿ ವೇದಿಕೆಯ ಮೇಲಿರುವವರಿಗೆ ಎಂದು ನನಗೆ ತೋರುತ್ತದೆ.

ಹಣದ ಕಥೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅವೆಲ್ಲ ಒಂದೇ ತೆರನಾಗಿವೆ. ಅಮೆರಿಕದ ಟಿವಿ ಸುವಾರ್ತಿಕ ಜಿಮ್ ಬ್ಯಾಕರ್ ದಕ್ಷಿಣ ಕ್ಯಾರೊಲಿನಾದಲ್ಲಿ ಹೆರಿಟೇಜ್ ಯುಎಸ್‌ಎ ಎಂಬ ಕ್ರೈಸ್ತ ವಿಹಾರಧಾಮ ಕಟ್ಟಿದರು. ಸಾವಿರ ಡಾಲರ್ ಕೊಟ್ಟವರಿಗೆ ಪ್ರತಿ ವರ್ಷ ಮೂರು ರಾತ್ರಿ ಉಚಿತ ವಸತಿ ಎಂದು ಟಿವಿಯಲ್ಲಿ ಮಾತು ಕೊಟ್ಟು, ಕೋಣೆಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಜನರಿಂದ ಹಣ ಪಡೆದರು. 1989ರಲ್ಲಿ ವಂಚನೆ ಸಾಬೀತಾಗಿ 45 ವರ್ಷ ಶಿಕ್ಷೆಯಾಯಿತು. ಅದು ಕಡಿಮೆಯಾಗಿ, ಸುಮಾರು ಐದು ವರ್ಷ ಒಳಗಿದ್ದು 1994ರಲ್ಲಿ ಹೊರಬಂದರು. ಜೈಲಿನಲ್ಲಿ ಸತ್ಯವೇದವನ್ನು ಸಾವಧಾನವಾಗಿ ಓದಿದಾಗ ತಾನು ಸಾರಿದ ಐಶ್ವರ್ಯದ ಬೋಧನೆ ಯೇಸುವಿನ ಮಾತಿಗೆ ವಿರುದ್ಧವೆಂದು ಗೊತ್ತಾಯಿತೆಂದು ಅವರೇ ಬರೆದರು. ನಾನು ಅದನ್ನು ನಂಬುತ್ತೇನೆ. ಆದರೆ ಮತ್ತೆ ಟಿವಿಗೆ ಬಂದರು, ಮತ್ತೆ ಮಾರಾಟಕ್ಕಿಳಿದರು; 2020ರಲ್ಲಿ ಕೊರೊನಾಕ್ಕೆ ಮದ್ದೆಂಬಂತೆ ಬೆಳ್ಳಿಯ ದ್ರಾವಣ ಮಾರಿದ್ದಕ್ಕೆ ಮಿಸೌರಿ ರಾಜ್ಯ ಅವರ ಮೇಲೆ ಮೊಕದ್ದಮೆ ಹೂಡಿತು. ಪಶ್ಚಾತ್ತಾಪಪಟ್ಟವನನ್ನೂ ಕ್ಯಾಮೆರಾದ ದೀಪ ಮತ್ತೆ ಕರೆಯುತ್ತದೆ.

ಇದು ಪೆಂತೆಕೋಸ್ತಿನವರ ರೋಗ, ನಮ್ಮದು ಪ್ರಾಚೀನ ಸಭೆ ಎಂದು ಯಾರೂ ಸಮಾಧಾನಪಡಬೇಕಾಗಿಲ್ಲ. ಜರ್ಮನಿಯ ಲಿಂಬುರ್ಗ್‌ನ ಕ್ಯಾಥೊಲಿಕ್ ಬಿಷಪ್ ಟೆಬಾರ್ಟ್ಸ್-ಫಾನ್ ಎಲ್ಸ್ಟ್ ತಮ್ಮ ನಿವಾಸ ಸಂಕೀರ್ಣಕ್ಕೆ ಸುಮಾರು 3.1 ಕೋಟಿ ಯೂರೋ ಖರ್ಚಾಗಲು ಬಿಟ್ಟರು. ಅವರ ಪತನದಲ್ಲಿ ನಮ್ಮ ದೇಶಕ್ಕೂ ಒಂದು ಪಾತ್ರವಿದೆ: 2012ರಲ್ಲಿ ಬೆಂಗಳೂರಿನ ಬಡವರನ್ನು ನೋಡಲು ಅವರು ವಿಮಾನದ ಮೊದಲ ದರ್ಜೆಯಲ್ಲಿ ಬಂದಿದ್ದರು. ಅದನ್ನು ಬರೆದ ಪತ್ರಿಕೆಯ ವಿರುದ್ಧ ನ್ಯಾಯಾಲಯಕ್ಕೆ ಹೋಗಿ ಪ್ರಮಾಣಪತ್ರದಲ್ಲಿ ಸುಳ್ಳು ಹೇಳಿದರೆಂಬ ಆರೋಪ ಬಂತು. 20,000 ಯೂರೋ ಕಟ್ಟಿದ ಮೇಲೆ ಪ್ರಕರಣ ಮುಗಿಯಿತು. 2014ರಲ್ಲಿ ಪೋಪ್ ಫ್ರಾನ್ಸಿಸ್ ಅವರ ರಾಜೀನಾಮೆಯನ್ನು ಅಂಗೀಕರಿಸಿದರು. ಹತ್ತಾರು ಗಂಟೆಯ ಪ್ರಯಾಣದಲ್ಲಿ ಕಾಲು ಚಾಚಿ ಮಲಗುವ ಆಸೆ ಮನುಷ್ಯಸಹಜ. ಅದನ್ನು ಒಪ್ಪಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬಡವರ ಬಿಷಪ್ ಎಂಬ ಚಿತ್ರ ಕೆಡಬಾರದೆಂಬ ಚಿಂತೆಯೇ ಸುಳ್ಳಿಗೆ ದಾರಿಯಾಯಿತು.

ಈಗ ನಮ್ಮ ಊರಿಗೆ ಬರುತ್ತೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ಓದುವವರಿಗೆ ತಮ್ಮದೇ ಊರಿನ ಮೈದಾನ ಕಣ್ಣಮುಂದೆ ಬರುತ್ತದೆ. ಕನ್ವೆನ್ಷನ್ನಿಗೆ ಒಂದು ತಿಂಗಳ ಮುಂಚೆ ಬಸ್ ನಿಲ್ದಾಣದಿಂದ ಮೈದಾನದವರೆಗೆ ಫ್ಲೆಕ್ಸ್. ಅದರಲ್ಲಿ ಕೋಟು ತೊಟ್ಟ ದೇವಸೇವಕರ ಆಳೆತ್ತರದ ಚಿತ್ರ, ಪಕ್ಕದಲ್ಲಿ ಅವರ ಶ್ರೀಮತಿಯವರ ಚಿತ್ರ, ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ವಚನ. ಮೈದಾನದಲ್ಲಿ ಎಲ್‌ಇಡಿ ಪರದೆ. ಮೊದಲ ಸಾಲಿನಲ್ಲಿ ಗಣ್ಯರಿಗೆ ಸೋಫಾ, ಹಿಂದೆ ಪ್ಲಾಸ್ಟಿಕ್ ಕುರ್ಚಿ, ಅದರ ಹಿಂದೆ ಚಾಪೆ, ಚಾಪೆಯ ಮೇಲೆ ದೂರದ ತಾಂಡಾ ಮತ್ತು ಕೇರಿಗಳಿಂದ ಟೆಂಪೊದಲ್ಲಿ ಬಂದ ಜನ, ಜೊತೆಗೆ ಅವರ ರೋಗಿಗಳು. ಮೈದಾನಕ್ಕೆ ದೀಪ ಮಿನುಗಿಸುವ ಕಾರುಗಳ ಸಾಲು ಬರುತ್ತದೆ, ಕಪ್ಪು ಅಂಗಿಯ ಯುವಕರು ಜನರನ್ನು ಬದಿಗೆ ಸರಿಸುತ್ತಾರೆ. ಪ್ರಸಂಗಕ್ಕೆ ಮುಂಚೆ ಕಾಣಿಕೆಯ ಪ್ರಸಂಗ, ಅದು ಕೆಲವೊಮ್ಮೆ ಮುಖ್ಯ ಪ್ರಸಂಗಕ್ಕಿಂತ ಉದ್ದ. ಬೀಜ ಬಿತ್ತಿರಿ, ನೂರ್ಮಡಿ ಕೊಯ್ಯುವಿರಿ. ಸಾಲ ತೀರುತ್ತದೆ, ಮಗಳ ಮದುವೆಯಾಗುತ್ತದೆ, ವೀಸಾ ಬರುತ್ತದೆ. ಪರದೆಯ ಮೇಲೆ ಯುಪಿಐ ಕೋಡ್. ಪ್ರಾರ್ಥನೆ ಮುಗಿದ ಮೇಲೆ ಚಾಪೆಯ ಮೇಲಿದ್ದ ರೋಗಿಯ ಬಳಿಗೆ ವೇದಿಕೆಯ ಮೇಲಿದ್ದವರು ಇಳಿದು ಬರುವುದಿಲ್ಲ. ಇಳಿದು ಬರಲು ದಾರಿಯನ್ನೇ ಬಿಟ್ಟಿರುವುದಿಲ್ಲ.

ಯೇಸು ಸ್ವಾಮಿಯ ಸುದ್ದಿ ಹಬ್ಬಿ ಜನ ಗುಂಪುಗುಂಪಾಗಿ ಬರತೊಡಗಿದಾಗ ಅವರು ಏನು ಮಾಡಿದರೆಂದು ಲೂಕನು ಐದನೆಯ ಅಧ್ಯಾಯದಲ್ಲಿ ಬರೆದಿದ್ದಾನೆ: ಅಡವಿಯ ಕಡೆಗೆ ಹೋಗಿ ಪ್ರಾರ್ಥಿಸುತ್ತಿದ್ದರು. ಜನ ಹಿಡಿದು ಅರಸನನ್ನಾಗಿ ಮಾಡುತ್ತಾರೆಂದು ತಿಳಿದಾಗ ಒಬ್ಬರೇ ಬೆಟ್ಟಕ್ಕೆ ಹೋದರೆಂದು ಯೋಹಾನನು ಹೇಳುತ್ತಾನೆ. ಲುಸ್ತ್ರ ಎಂಬ ಊರಿನಲ್ಲಿ ಕುಂಟನು ಎದ್ದು ನಡೆದಾಗ ಜನರು ಅಪೊಸ್ತಲರಾದ ಪೌಲ ಬಾರ್ನಬರನ್ನು ದೇವರೆಂದು ಕೂಗಿ ಹೋರಿ, ಹೂಮಾಲೆ ತಂದರು; ಆ ಇಬ್ಬರೂ ಬಟ್ಟೆ ಹರಿದುಕೊಂಡು ಜನರ ನಡುವೆ ನುಗ್ಗಿ ತಡೆದರು. ನಮ್ಮಲ್ಲಿ ಆಳೆತ್ತರದ ಹೂವಿನ ಹಾರವನ್ನು ಕ್ರೇನಿನಿಂದ ಇಳಿಸುವುದೂ ಶುರುವಾಗಿದೆ. ಬಟ್ಟೆ ಹರಿದುಕೊಂಡ ಸುದ್ದಿ ನಾನು ಕೇಳಿಲ್ಲ.

ಕಾಣಿಕೆ ಎಣಿಸುವ ಮೇಜಿನ ಮೇಲೆ ಏನಿರುತ್ತದೆ ಎಂಬುದನ್ನು ನಿಮ್ಮಲ್ಲಿ ದೊಡ್ಡವರಾದವರು ನೋಡಿ ಬಹಳ ಕಾಲವಾಗಿರಬಹುದು. ಆರಾಧನೆ ಮುಗಿದ ಮೇಲೆ ಚೀಲಗಳನ್ನು ಒಳಕೋಣೆಯ ಮೇಜಿನ ಮೇಲೆ ಸುರಿಯುತ್ತೇವೆ. ಐನೂರರ ನೋಟು ಕಡಿಮೆ. ಹತ್ತು, ಇಪ್ಪತ್ತರ ನೋಟುಗಳೇ ಹೆಚ್ಚು. ಕೆಲವು ನಾಲ್ಕೆಂಟು ಮಡಿಕೆಯಾಗಿ ಸೆರಗಿನ ಗಂಟಿನಲ್ಲಿ ಇದ್ದುದರಿಂದ ಬೆವರಿಗೆ ಒದ್ದೆಯಾಗಿರುತ್ತವೆ. ಅವನ್ನು ಬಿಡಿಸಿ, ಮೇಜಿನ ಅಂಚಿಗೆ ಒತ್ತಿ ನೇರ ಮಾಡಿ ಕಟ್ಟಬೇಕು. ದಶಮಾಂಶದ, ಅಂದರೆ ಆದಾಯದ ಹತ್ತರಲ್ಲೊಂದು ಪಾಲಿನ, ಲಕೋಟೆಗಳ ಮೇಲೆ ಹೆಸರು ಬರೆದಿರುತ್ತದೆ. ಮನೆಗೆಲಸ ಮಾಡುವ ಒಬ್ಬ ತಾಯಿ ಅಕ್ಷರ ಬಾರದ್ದರಿಂದ ಲಕೋಟೆಯ ಮೂಲೆಯಲ್ಲಿ ಒಂದು ಶಿಲುಬೆ ಬರೆಯುತ್ತಾರೆ; ಅದನ್ನು ನೋಡಿ ನಾವು ಅವರ ಹೆಸರಿಗೆ ಜಮೆ ಮಾಡುತ್ತೇವೆ. ಮಳೆಗಾಲದಲ್ಲಿ ಕೆಲಸ ತಪ್ಪಿದ ತಿಂಗಳೂ ಆ ಲಕೋಟೆ ಬರುತ್ತದೆ. ಸುಗ್ಗಿ ಹಬ್ಬದ ಹರಾಜಿಗೆ ಅವರು ತರುವ ಒಂದು ಕುಂಬಳಕಾಯಿ, ಒಂದು ಕೋಳಿ, ಅದರ ಹಣವೂ ಇದೇ ಪುಸ್ತಕಕ್ಕೆ ಸೇರುತ್ತದೆ. ಈ ಮೇಜಿನ ಮುಂದೆ ಕುಳಿತವನಿಗೆ ಸಭೆಯ ಹಣದಲ್ಲಿ ಕೊಂಡ ದುಬಾರಿ ಕಾರನ್ನು 'ಆಶೀರ್ವಾದ' ಎಂದು ಕರೆಯಲು ನಾಲಿಗೆ ಏಳುವುದಿಲ್ಲ. ತಿಂಗಳಿಗೊಮ್ಮೆಯಾದರೂ ನೀವು ಇಲ್ಲಿ ಬಂದು ಕುಳಿತು ಆ ಒದ್ದೆ ನೋಟುಗಳನ್ನು ಕೈಯಾರೆ ಬಿಡಿಸಬೇಕೆಂದು ನನ್ನ ಆಸೆ.

ಇಂಥ ಮಾತು ಎತ್ತಿದಾಗಲೆಲ್ಲ ನಮ್ಮ ಬಾಯಿ ಮುಚ್ಚಿಸಲು ಒಂದು ವಚನ ಬರುತ್ತದೆ: 'ನಾನು ಅಭಿಷೇಕಿಸಿದವರನ್ನು ಮುಟ್ಟಬಾರದು.' ಕೀರ್ತನೆ 105ರಲ್ಲಿ ಆ ಮಾತಿನ ಹಿಂದುಮುಂದನ್ನು ಓದಿರಿ. ಅಲ್ಲಿ ದೇವರು ಕಾಪಾಡುತ್ತಿರುವುದು ಅಬ್ರಹಾಮ, ಇಸಾಕರಂಥವರನ್ನು: ಸ್ವಂತ ನೆಲವಿಲ್ಲದೆ, ಕೆಲವೇ ಜನರಾಗಿ, ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಪರದೇಶಿಗಳನ್ನು. ಎಚ್ಚರಿಕೆ ಕೊಡುತ್ತಿರುವುದು ಅರಸರಿಗೆ. ಬಲಿಷ್ಠರಿಂದ ಬಡಪಾಯಿಗಳನ್ನು ಕಾಯಲು ಹೇಳಿದ ಮಾತನ್ನು ಬಡಪಾಯಿಗಳಿಂದ ಬಲಿಷ್ಠರನ್ನು ಕಾಯಲು ಬಳಸುತ್ತಿದ್ದೇವೆ. ಪರನ ಹೆಂಡತಿಯನ್ನು ತೆಗೆದುಕೊಂಡು ಅವಳ ಗಂಡನನ್ನು ಕೊಲ್ಲಿಸಿದ್ದ, ಅಭಿಷಿಕ್ತ ಅರಸನಾದ ದಾವೀದನ ಅರಮನೆಗೆ ಪ್ರವಾದಿ ನಾತಾನನು ನಡೆದು ಹೋಗಿ 'ಆ ಮನುಷ್ಯನು ನೀನೇ' ಎಂದನು. ದಾವೀದನು ಕಾವಲುಗಾರರನ್ನು ಕರೆಯಲಿಲ್ಲ, ತನ್ನ ಅಭಿಷೇಕವನ್ನು ನೆನಪಿಸಲಿಲ್ಲ. ಪಾಪ ಮಾಡಿದ್ದೇನೆ ಎಂದನು. ಅವನ ಪಾಪ ಘೋರವಾಗಿತ್ತು, ಆದರೂ ಅವನಿಗೆ ಹಿಂದಿರುಗುವ ದಾರಿ ಉಳಿದದ್ದು ಅರಮನೆಯೊಳಗೆ ನಾತಾನನಿಗೆ ಪ್ರವೇಶವಿದ್ದುದರಿಂದ. ಅಂತಿಯೋಕ್ಯದಲ್ಲಿ ಪೌಲನು ಪೇತ್ರನನ್ನೇ ಎಲ್ಲರ ಮುಂದೆ ಎದುರಿಸಿದನು. ಪೇತ್ರನಿಗೆ ಬೇಕಾದ ತಿದ್ದುಪಡಿ ಇಂದಿನ ಪ್ರವಾದಿಗಳಿಗೆ, ಅಪೊಸ್ತಲರಿಗೆ ಬೇಡವೇ?

ಮುನ್ನೂರು ಜನರೊಂದಿಗೆ ದೊಡ್ಡ ಸೈನ್ಯವನ್ನು ಸೋಲಿಸಿದ ಗಿದ್ಯೋನನ ಬಗ್ಗೆಯೂ ಒಂದು ಮಾತು ಬರೆಯಲೇಬೇಕು, ಏಕೆಂದರೆ ಅವನ ಮೇಲಿನ ಪ್ರಸಂಗಗಳು ಸಾಮಾನ್ಯವಾಗಿ ಮುನ್ನೂರು ಜನರ ಜಯಕ್ಕೇ ನಿಂತುಹೋಗುತ್ತವೆ. ಜಯದ ನಂತರ ಜನರು ನಮ್ಮನ್ನು ಆಳು ಎಂದಾಗ, ನಾನೂ ಆಳುವುದಿಲ್ಲ, ನನ್ನ ಮಗನೂ ಆಳುವುದಿಲ್ಲ, ಯೆಹೋವನೇ ಆಳಲಿ ಎಂದನು. ಎಂಥ ಸುಂದರವಾದ ಸಾಕ್ಷಿ! ಆದರೆ ಮರುಕ್ಷಣದಲ್ಲೇ ಕೊಳ್ಳೆಯಲ್ಲಿ ಸಿಕ್ಕ ಮುರುವುಗಳನ್ನು ಕೇಳಿ ಪಡೆದನು. 1,700 ತೊಲ ಬಂಗಾರ. ಅದರಿಂದ ಒಂದು ಏಫೋದನ್ನು, ಅಂದರೆ ಯಾಜಕರು ತೊಡುವಂಥ ಮೇಲುಡುಪನ್ನು, ಮಾಡಿಸಿ ತನ್ನ ಊರಿನಲ್ಲಿಟ್ಟನು. ಇಸ್ರಾಯೇಲೆಲ್ಲ ಅದರ ಹಿಂದೆ ಹೋಯಿತು. ಅವನಿಗೂ ಅವನ ಮನೆಗೂ ಅದೇ ಉರುಲಾಯಿತು. ಪದವಿ ಬೇಡವೆಂದ ವಿನಯದ ಬಾಯಿಯೇ ಬಂಗಾರ ಬೇಕೆಂದಿತು, ಅದೂ ಆರಾಧನೆಯ ಹೆಸರಿನಲ್ಲಿ. 'ಇದೆಲ್ಲ ನನ್ನದಲ್ಲ, ಕರ್ತನದು' ಎಂದು ಹೇಳುತ್ತಲೇ ಟ್ರಸ್ಟಿನಲ್ಲಿ ಹೆಂಡತಿ, ಮಗ, ಅಳಿಯನನ್ನು ಸೇರಿಸಿಕೊಂಡವರು ನ್ಯಾಯಸ್ಥಾಪಕರು ಎಂಟನೆಯ ಅಧ್ಯಾಯವನ್ನು ಕೊನೆಯವರೆಗೆ ಓದಬೇಕು.

ದೊಡ್ಡ ಪರಂಪರೆಯ ಸಭೆಗಳಲ್ಲಿರುವ ನಾವು ಇದರಿಂದ ಹೊರತಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಶಾಲೆ, ಆಸ್ಪತ್ರೆ, ಹೆಂಚಿನ ಕಾರ್ಖಾನೆ, ಮುದ್ರಣಾಲಯಗಳನ್ನು ಕಟ್ಟಿದರು. ಅವರಲ್ಲೊಬ್ಬರಾದ ಕಿಟ್ಟೆಲ್ ಕೊಟ್ಟ ನಿಘಂಟು ಇಂದಿಗೂ ಕನ್ನಡಿಗರ ಕೈಯಲ್ಲಿದೆ. ಅನೇಕರು ತಮ್ಮ ಮಕ್ಕಳನ್ನು ಇದೇ ಮಣ್ಣಿನಲ್ಲಿ ಹೂಳಿದರು. ಅಂಥವರು ಬಿಟ್ಟುಹೋದ ಜಾಗ ಇಂದು ನಗರಗಳ ನಡುವೆ ಕೋಟಿಗಟ್ಟಲೆ ಬಾಳುತ್ತದೆ, ಆ ಬೆಲೆಯೇ ನಮಗೆ ಶೋಧನೆ, ಅಂದರೆ ಪ್ರಲೋಭನೆಯಾಗಿದೆ. ಡಯಾಸಿಸ್ (ಒಬ್ಬ ಬಿಷಪ್ಪರ ಆಡಳಿತದ ಪ್ರಾಂತ) ಚುನಾವಣೆ ಬಂದರೆ ಬಣಗಳು, ಪ್ಯಾನೆಲ್‌ಗಳು. ಮುಗಿದರೆ ತಡೆಯಾಜ್ಞೆ, ಮೇಲ್ಮನವಿ. ವಕೀಲರ ಶುಲ್ಕ ಸಭೆಯ ಹಣದಿಂದ. ಸುವಾರ್ತೆಗಾಗಿ ಕೊಟ್ಟ ನೆಲದ ಮೇಲೆ ಬೇಲಿಯೇ ಎದ್ದು ಹೊಲ ಮೇಯುತ್ತಿದೆ. ಇದಕ್ಕಿಂತ ಹೆಚ್ಚು ಹೇಳಲು ಮನಸ್ಸು ಬರುತ್ತಿಲ್ಲ.

ತಪ್ಪು ನಿಮ್ಮದೊಂದೇ ಅಲ್ಲ. ನಿಮ್ಮನ್ನು ಹೀಗೆ ಎತ್ತಿ ಕೂರಿಸಿದವರು ನಾವೇ. ಪಕ್ಕದ ಬೀದಿಯ ಸಣ್ಣ ಸಭೆಯ ಪಾಸ್ಟರ್ ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಬಂದು ಕೂರುತ್ತಾರೆ, ಅವರ ಹೆಸರು ಯಾರಿಗೂ ಗೊತ್ತಿಲ್ಲ. ಟಿವಿಯಲ್ಲಿ ಕಂಡವರಿಗೆ ನಮ್ಮ ದಶಮಾಂಶ ಹೋಗುತ್ತದೆ. ಸಭಾಪಾಲಕರ ಕಾರು ದೊಡ್ಡದಾದರೆ ನಮ್ಮ ಸಭೆಯ ಗೌರವ ದೊಡ್ಡದಾಯಿತೆಂದು ಹಿಗ್ಗುತ್ತೇವೆ. ಯಾರಾದರೂ ಲೆಕ್ಕ ಕೇಳಿದರೆ 'ಇವನಿಗೆ ಆತ್ಮಿಕತೆ ಕಡಿಮೆ' ಎನ್ನುತ್ತೇವೆ. ಕೇಳಿದವರನ್ನು ಸಭೆಯಿಂದ ದೂರ ಮಾಡಿದ ಪಾಪದಲ್ಲಿ ಹಿರಿಯರಾದ ನಮಗೆ ದೊಡ್ಡ ಪಾಲಿದೆ.

ಹೊರಗಿನಿಂದ ಸಭೆಯ ಮೇಲೆ ಕಲ್ಲು ಬೀಳುತ್ತಿರುವ ಕಾಲದಲ್ಲಿ ಇದನ್ನು ಬಹಿರಂಗವಾಗಿ ಬರೆಯಬೇಕೇ ಎಂದು ಕೆಲವರು ನೊಂದುಕೊಳ್ಳಬಹುದು. ಆ ನೋವು ನನಗೆ ಅರ್ಥವಾಗುತ್ತದೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿ, ಇತರ ಕಡೆಗಳಲ್ಲಿ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದ ದಿನಗಳು ನನಗೆ ಮರೆತಿಲ್ಲ. ಆಗ ಪೆಟ್ಟು ತಿಂದವರು ಸೋಫಾದಲ್ಲಿ ಕುಳಿತವರಲ್ಲ. ಸಾಧಾರಣ ವಿಶ್ವಾಸಿಗಳು, ಕನ್ಯಾಸ್ತ್ರೀಯರು, ಸಣ್ಣ ಸಭೆಗಳ ಪಾಸ್ಟರುಗಳು. ಮುಂದೆಯೂ ಹಾಗೆಯೇ ಆಗುತ್ತದೆ. ದುಡ್ಡಿಗಾಗಿ ಮತಾಂತರ, ವಿದೇಶಿ ಹಣ ಎಂಬ ಆಪಾದನೆಗೆ ನಮ್ಮ ಬಡ ಪಾಸ್ಟರ್ ಹಳ್ಳಿಯ ಚಹಾದಂಗಡಿಯ ಮುಂದೆ ನಿಂತು ಉತ್ತರ ಕೊಡಬೇಕು. ಅವರ ಕೈಗೆ ನೀವು ಕೊಡಬಹುದಾದ ಅತಿ ಬಲವಾದ ಉತ್ತರ ತೆರೆದ ಲೆಕ್ಕಪುಸ್ತಕ. ಅದನ್ನು ಮುಚ್ಚಿಟ್ಟುಕೊಂಡು ಹಿಂಸೆಯ ಮಾತನಾಡಿದರೆ, ಅವರ ಗಾಯವನ್ನು ನಮ್ಮ ರಕ್ಷಣೆಗೆ ಬಳಸಿಕೊಂಡಂತಾಗುತ್ತದೆ.

ಹೆಸರು ಬಂದವರೆಲ್ಲ ಬೀಳಲೇಬೇಕೆಂದಿಲ್ಲ. 1948ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಪಟ್ಟಣದಲ್ಲಿ, ಇನ್ನೂ ತರುಣರಾಗಿದ್ದ ಬಿಲ್ಲಿ ಗ್ರಹಾಂ ಮತ್ತು ಅವರ ಮೂವರು ಜೊತೆಗಾರರು ಕುಳಿತು, ಸುವಾರ್ತಿಕರು ಯಾವುದರಲ್ಲಿ ಬೀಳುತ್ತಾರೆಂದು ಬರೆದುಕೊಂಡರು: ಹಣ, ವ್ಯಭಿಚಾರ, ಸ್ಥಳೀಯ ಸಭೆಗಳನ್ನು ಹಳಿಯುವುದು, ಬಂದ ಜನರ ಸಂಖ್ಯೆಯನ್ನು ಉಬ್ಬಿಸಿ ಹೇಳುವುದು. ನಾಲ್ಕಕ್ಕೂ ತಮಗೆ ತಾವೇ ಕಟ್ಟಳೆ ಹಾಕಿಕೊಂಡರು. ಆದರೂ 1950ರಲ್ಲಿ ಅಟ್ಲಾಂಟಾದ ಕೂಟಗಳು ಮುಗಿದಾಗ ಅಲ್ಲಿನ ದಿನಪತ್ರಿಕೆಯಲ್ಲಿ ಎರಡು ಚಿತ್ರಗಳು ಅಕ್ಕಪಕ್ಕ ಬಂದವು: ಒಂದರಲ್ಲಿ ಕಾಣಿಕೆಯ ಹಣದ ಚೀಲಗಳು, ಇನ್ನೊಂದರಲ್ಲಿ ನಗುತ್ತಾ ಕೈಬೀಸಿ ಊರು ಬಿಡುತ್ತಿರುವ ಗ್ರಹಾಂ. ಅವರು ಪತ್ರಿಕೆಯವರನ್ನು ಶಪಿಸಲಿಲ್ಲ, ಇದು ಸೈತಾನನ ಕೆಲಸವೆಂದು ಸಾರಲಿಲ್ಲ. ತಮಗೆ ಬರುತ್ತಿದ್ದ 'ಪ್ರೀತಿಯ ಕಾಣಿಕೆ'ಯನ್ನೇ ನಿಲ್ಲಿಸಿ, ಮಂಡಳಿಯೊಂದು ಗೊತ್ತುಮಾಡಿದ ಸಂಬಳಕ್ಕೆ ಒಪ್ಪಿಕೊಂಡರು. ಅವರೂ ತಪ್ಪಿಲ್ಲದವರಾಗಿರಲಿಲ್ಲ, ರಾಷ್ಟ್ರಾಧ್ಯಕ್ಷ ನಿಕ್ಸನ್‌ರ ಸಂಗದಲ್ಲಿ ಯೆಹೂದ್ಯರ ಬಗ್ಗೆ ಆಡಿದ ಮಾತಿಗೆ ಎಷ್ಟೋ ವರ್ಷಗಳ ನಂತರ ಕ್ಷಮೆ ಕೇಳಬೇಕಾಯಿತು. ಆದರೆ 2018ರಲ್ಲಿ ತೊಂಬತ್ತೊಂಬತ್ತರ ವಯಸ್ಸಿನಲ್ಲಿ ಕಣ್ಣು ಮುಚ್ಚುವವರೆಗೆ ಹಣದ ವಿಷಯದಲ್ಲಿ ಅವರ ಮೇಲೆ ಕಳಂಕ ನಿಲ್ಲಲಿಲ್ಲ. ಅವರ ಮನಸ್ಸು ಇತರರಿಗಿಂತ ಗಟ್ಟಿಯಿತ್ತೆಂದು ನಾನು ಹೇಳಲಾರೆ. ಹಣದ ಬೀಗದ ಕೈಯನ್ನು ಮಾತ್ರ ತಮ್ಮ ಬಳಿ ಇಟ್ಟುಕೊಳ್ಳಲಿಲ್ಲ.

ಪೌಲನೂ ಹಾಗೆಯೇ ಮಾಡಿದ್ದನು. ಯೆರೂಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಹಣವನ್ನು ಒಬ್ಬನೇ ಒಯ್ಯದೆ, ಸಭೆಗಳು ಆರಿಸಿದ ಸಹೋದರರನ್ನು ಜೊತೆಗೆ ಕರೆದುಕೊಂಡನು. ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಯೋಗ್ಯವಾದದ್ದನ್ನು ಮಾಡಬೇಕೆಂದು ಕೊರಿಂಥದವರಿಗೆ ಬರೆದನು. 'ನನ್ನ ಲೆಕ್ಕ ದೇವರಿಗೆ ಗೊತ್ತು' ಎನ್ನುವವರು ಪೌಲನಿಗಿಂತ ಪರಿಶುದ್ಧರೇ?

ಆದ್ದರಿಂದ ನನ್ನ ಬೇಡಿಕೆ ಸರಳ. ಆದಾಯ ತೆರಿಗೆಯವರಿಗಾಗಿ ಲೆಕ್ಕಪರಿಶೋಧನೆ ಮಾಡಿಸುತ್ತೀರಿ, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇದ್ದವರು ದೆಹಲಿಗೆ ವರ್ಷದ ವರದಿ ಕಳುಹಿಸುತ್ತೀರಿ. ಸರ್ಕಾರಕ್ಕೆ ತೋರಿಸುವುದನ್ನೇ ಸಭೆಗೂ ತೋರಿಸಿರಿ. ಬರುವ ಹೊಸ ವರ್ಷದ ಮೊದಲ ತಿಂಗಳ ಒಂದು ಭಾನುವಾರ, ಪ್ರಸಂಗದ ಸಮಯವನ್ನು ಬಿಟ್ಟುಕೊಟ್ಟು, ಬಂದದ್ದು, ಹೋದದ್ದು, ನಿಮ್ಮ ಸಂಬಳ, ವಾಹನ, ಪ್ರಯಾಣ ಎಲ್ಲವನ್ನೂ ಓದಿಸಿರಿ. ಕಾಣಿಕೆಯಿಂದ ಕೊಂಡ ನೆಲ ನಿಮ್ಮ ಹೆಸರಿನಲ್ಲೋ ಮಗನ ಹೆಸರಿನಲ್ಲೋ ಇದ್ದರೆ ಸಭೆಯ ಹೆಸರಿಗೆ ಬರೆಸಿರಿ. ಟ್ರಸ್ಟಿನಲ್ಲಿ ನಿಮ್ಮ ರಕ್ತಸಂಬಂಧಿಗಳಿಗಿಂತ ಹೊರಗಿನವರು ಹೆಚ್ಚಿರಲಿ. ಹೆಣ್ಣುಮಕ್ಕಳು ದೂರು ಕೊಡಬೇಕಾಗಿ ಬಂದರೆ ಅದನ್ನು ಕೇಳುವವರು ನಿಮ್ಮಿಂದ ಸಂಬಳ ಪಡೆಯುವವರಾಗಿರಬಾರದು. ಇವೆಲ್ಲಕ್ಕಿಂತ ಮುಂಚೆ, ಇಬ್ಬರು ಮೂವರನ್ನು ಆರಿಸಿ, ನಿಮ್ಮ ಮನೆಗೆ ಕರೆದು, ನಿಮ್ಮ ಖಾತೆ, ನಿಮ್ಮ ಮೊಬೈಲ್, ನಿಮ್ಮ ಪ್ರಾರ್ಥನಾ ಜೀವನದ ಬಗ್ಗೆ ಕೇಳುವ ಹಕ್ಕನ್ನು ಅವರಿಗೆ ಬಾಯಿಬಿಟ್ಟು ಕೊಡಿರಿ. ಅವರು ನಿಮ್ಮ ಅಭಿಮಾನಿಗಳಾಗಿರಬಾರದು. ಸಾಧ್ಯವಾದರೆ ವರ್ಷದಲ್ಲಿ ಒಂದು ತಿಂಗಳು ಮೈಕು, ಕ್ಯಾಮೆರಾ ಎರಡನ್ನೂ ಬಿಟ್ಟು, ಯಾರೂ ಗುರುತಿಸದ ಒಂದು ಹಳ್ಳಿ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತು ವಾಕ್ಯ ಕೇಳಿರಿ.

ಮುದುಕನಾದ ಪ್ರವಾದಿ ಸಮುವೇಲನು ಜನರ ಮುಂದೆ ನಿಂತು, ಯಾರ ಎತ್ತನ್ನು ತೆಗೆದುಕೊಂಡೆ, ಯಾರ ಕತ್ತೆಯನ್ನು ತೆಗೆದುಕೊಂಡೆ, ಯಾರಿಂದ ಲಂಚ ಪಡೆದೆ, ಹೇಳಿರಿ, ಹಿಂದಕ್ಕೆ ಕೊಡುತ್ತೇನೆ ಎಂದು ಕೇಳಿದನು. ನೀನು ನಮ್ಮನ್ನು ವಂಚಿಸಲಿಲ್ಲ, ಯಾರಿಂದಲೂ ಏನನ್ನೂ ತೆಗೆದುಕೊಳ್ಳಲಿಲ್ಲ ಎಂದು ಜನರು ಉತ್ತರಕೊಟ್ಟರು. ಸಭೆಯ ಎದುರು ಆ ಪ್ರಶ್ನೆ ಕೇಳುವ ಧೈರ್ಯ ಇಂದು ಇರುವವರು ನಿಮ್ಮಲ್ಲಿದ್ದಾರೆಂದು ನಾನು ಬಲ್ಲೆ. ದಯವಿಟ್ಟು ನೀವೇ ಮೊದಲು ಎದ್ದು ನಿಲ್ಲಿರಿ, ಉಳಿದವರಿಗೆ ದಾರಿಯಾಗುತ್ತದೆ. ಆ ಧೈರ್ಯ ಇಲ್ಲದವರನ್ನು ನಾನು ದೂಷಿಸುತ್ತಿಲ್ಲ. ದಾವೀದನಿಗೆ ಉಳಿದಿದ್ದ ದಾರಿ ನಿಮಗೂ ತೆರೆದಿದೆ, ಆದರೆ ಪತ್ರಿಕೆಯಲ್ಲಿ ಬರುವುದಕ್ಕೆ ಮುಂಚೆ ಆ ದಾರಿಯಲ್ಲಿ ನಡೆಯಿರಿ.

ನಮ್ಮ ಸಭೆಯ ಕಳೆದ ವರ್ಷದ ಲೆಕ್ಕ ಬಾಗಿಲ ಪಕ್ಕದ ಸೂಚನಾ ಫಲಕದಲ್ಲಿದೆ. ಅಯ್ಯನವರ ಸಂಬಳ, ಬೈಕಿನ ಪೆಟ್ರೋಲಿಗೆ ಕೊಟ್ಟದ್ದು, ಎಲ್ಲವೂ ಅದರಲ್ಲಿವೆ. ಹಾಕಲು ಹೇಳಿದವರು ಅಯ್ಯನವರೇ. ಅದೇ ನಮೂನೆ ಬೇಕೆಂದವರಿಗೆ ಪ್ರತಿ ಮಾಡಿ ಕೊಡಲು ನಾನು ಸಿದ್ಧನಿದ್ದೇನೆ.

ಕರ್ತನಲ್ಲಿ ನಿಮ್ಮ ಸಹೋದರ,
ಉತ್ತರ ಕರ್ನಾಟಕದ ಒಂದು ಸಭೆಯ ಖಜಾಂಚಿ